ಮುರಿಯಲೆಂದೇ ಇಟ್ಟ ಪಿನ್ನು

ಬೆಳಗಿನ ಜಾವ ನೀರಿನ ಮೇಲೆ ಸದ್ದು ಬಹಳ ದೂರ ಹೋಗುತ್ತದೆ. ಕೆಳಗಿನ ಗಾಳಿ ತಣ್ಣಗಿದ್ದು ಮೇಲಿನದು ತುಸು ಬೆಚ್ಚಗಿದ್ದರೆ ಸದ್ದು ಆಕಾಶಕ್ಕೆ ಚದುರಿಹೋಗದೆ ಬಾಗಿ ನೀರಿನ ಮೇಲೆಯೇ ಸಾಗುತ್ತದಂತೆ. ಆಚೆ ದಡದಲ್ಲಿ ಯಾರೋ ಇಂಜಿನ್ನಿನ ಹಗ್ಗ ಎಳೆದದ್ದು, ಅದು ಹತ್ತದೆ ಒಂದು ಸಲ ಕೆಮ್ಮಿ ಸುಮ್ಮನಾದದ್ದು, ಮತ್ತೆ ಎಳೆದದ್ದು, ಈಚೆ ದಡದಲ್ಲಿ ಕಾಫಿ ಲೋಟ ಹಿಡಿದು ಕೂತವರಿಗೆಲ್ಲ ಕೇಳಿಸುತ್ತದೆ. ನಾಲ್ಕನೆಯ ಸಲ ಎಳೆಯುವ ಹೊತ್ತಿಗೆ ಎಳೆಯುವವನ ಸಿಟ್ಟೂ ಕೇಳಿಸುತ್ತದೆ. ಸಿಟ್ಟು ಬಂದ ಮೇಲೆ ಯಾವ ಇಂಜಿನ್ನೂ ಹತ್ತಿದ್ದನ್ನು ನಾನು ಕಂಡಿಲ್ಲ.

ನಮ್ಮ ಕಡೆ ನೀರಿಗೇನೂ ಬರವಿಲ್ಲ. ಸರಗೂರು ಬೇರೆ ತಾಲ್ಲೂಕಾಗುವ ಮುಂಚೆ ಹೆಗ್ಗಡದೇವನಕೋಟೆ ತಾಲ್ಲೂಕು ಒಂದರಲ್ಲೇ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಜಲಾಶಯಗಳಿದ್ದವು. ಆದರೆ ನೀರಿನ ಮೇಲೆ ಓಡಾಡುವುದು ಇಲ್ಲಿ ಬಹುಮಟ್ಟಿಗೆ ತೆಪ್ಪದ ಕೆಲಸ. ಬಿದಿರು ಹೆಣೆದ ದುಂಡನೆಯ ಬುಟ್ಟಿ, ಅದಕ್ಕೆ ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಚೀಲ, ಟಾರು, ಕೈಯಲ್ಲೊಂದು ಹುಟ್ಟು. ಕೆಡುವ ಇಂಜಿನ್ನೇ ಇಲ್ಲ. ಮೋಟಾರು ದೋಣಿ ನೋಡಬೇಕೆಂದರೆ ಕಬಿನಿ ಹಿನ್ನೀರಿನ ಕಾರಾಪುರದ ಕಡೆ ಹೋಗಿ, ಆನೆ ನೋಡಲು ಬಂದ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ಸಫಾರಿ ಬೋಟುಗಳನ್ನು ನೋಡಬೇಕು.

ಔಟ್‌ಬೋರ್ಡ್ ಇಂಜಿನ್ನಿನ ನಿಜವಾದ ಸಂಸಾರ ಇರುವುದು ಕರಾವಳಿಯಲ್ಲಿ. ಮಲ್ಪೆ, ಗಂಗೊಳ್ಳಿ, ಭಟ್ಕಳದ ನಾಡದೋಣಿಗಳ ಹಿಂಬದಿಗೆ ಸ್ಕ್ರೂ ಬಿಗಿದು ನೇತುಹಾಕುವ ಯಂತ್ರ ಅದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಬೋಟುಗಳು ಕಡಲಿಗಿಳಿಯುವಂತಿಲ್ಲ. 10 ಅಶ್ವಶಕ್ತಿಯ ಒಳಗಿನ ಇಂಜಿನ್ ಇಟ್ಟುಕೊಂಡ ನಾಡದೋಣಿಗೆ ಆ ನಿಷೇಧ ಇಲ್ಲ. ಹೀಗಾಗಿ ಸಣ್ಣ ಇಂಜಿನ್ನಿಗೆ ಮಳೆಗಾಲದಲ್ಲೂ ಬಿಡುವಿಲ್ಲ. ವರ್ಷಗಟ್ಟಲೆ ಉಪ್ಪುನೀರು ಕುಡಿದು, ಸೀಮೆಎಣ್ಣೆ ಉಂಡು, ಕೊನೆಗೆ ಮಾರಾಟಕ್ಕೆ ಬರುತ್ತದೆ. ಅಂಥ ಒಂದು ಇಂಜಿನ್ನು, ಬಣ್ಣ ಹೊಡೆದ ಹಳೆ ಫೈಬರ್ ದೋಣಿಯ ಸಮೇತ, ಘಟ್ಟ ಹತ್ತಿ ನಮ್ಮ ಹ್ಯಾಂಡ್‌ಪೋಸ್ಟಿಗೆ ಬಂದಿತ್ತು. ಮೈಸೂರಿನಿಂದ ಬಂದ ರಸ್ತೆ ಕೋಟೆಗೂ ಸರಗೂರಿಗೂ ಕವಲಾಗುವ ಈ ಸರ್ಕಲ್ಲಿನಲ್ಲಿ ಬೈಕು, ಟ್ರ್ಯಾಕ್ಟರು, ಪಂಪ್‌ಸೆಟ್ಟು, ಔಷಧಿ ಹೊಡೆಯುವ ಮೆಷಿನ್ನು, ಎಲ್ಲಕ್ಕೂ ರಿಪೇರಿಯವರಿದ್ದಾರೆ. ದೋಣಿಯ ಇಂಜಿನ್ನಿಗೆ ಅಂತ ಯಾರೂ ಇಲ್ಲ. ಮೀನಿನ ಗುತ್ತಿಗೆ ಹಿಡಿದವರು ಅದನ್ನು ಪಂಪ್‌ಸೆಟ್ಟಿನ ಹುಡುಗನ ಮುಂದೆ ಇಳಿಸಿದರು.

ಆ ಹುಡುಗ ಮೊದಲು ಮಾಡಿದ ಕೆಲಸ ನನಗೆ ಹಿಡಿಸಿತು. ಸ್ಪ್ಯಾನರ್ ಎತ್ತಲಿಲ್ಲ. ಅಂಗಡಿ ಹಿಂದಿದ್ದ ನೀಲಿ ಡ್ರಮ್ಮನ್ನು ಉರುಳಿಸಿಕೊಂಡು ಬಂದು, ಅಂಚಿಗೆ ಹಲಗೆ ಕಟ್ಟಿ, ಇಂಜಿನ್ನಿನ ಕಾಲು ಮುಳುಗುವಷ್ಟು ನೀರು ತುಂಬಿಸಿದ. ಆಮೇಲೆ ಒಂದು ಸಣ್ಣ ತಂತಿ ಹುಡುಕಿದ.

ಆ ತಂತಿ ಯಾಕೆಂದು ಹೇಳಬೇಕು. ಈ ಇಂಜಿನ್ನು ತಾನು ನಿಂತ ನೀರನ್ನೇ ಹೀರಿಕೊಂಡು ತಣ್ಣಗಾಗುತ್ತದೆ. ಕಾಲಿನ ಪಕ್ಕದ ಜಾಲರಿಯಿಂದ ನೀರು ಒಳಗೆ ಬರುತ್ತದೆ. ರಬ್ಬರ್ ರೆಕ್ಕೆಗಳಿರುವ ಪುಟ್ಟ ಚಕ್ರ, ಇಂಪೆಲ್ಲರ್ ಅನ್ನುತ್ತಾರೆ, ಅದನ್ನು ಮೇಲಕ್ಕೆ ತಳ್ಳುತ್ತದೆ. ನೀರು ಸಿಲಿಂಡರಿನ ಸುತ್ತ ಹರಿದು ಬಿಸಿ ಹೀರಿ ಹೊರಗೆ ಹೋಗುತ್ತದೆ. ಹೋಗುವಾಗ ಅದರಲ್ಲಿ ಒಂದು ಪಾಲು ಹಿಂದಿನ ಸಣ್ಣ ತೂತಿನಿಂದ ಎಳೆಯಾಗಿ ಚಿಮ್ಮುತ್ತದೆ. ಯಂತ್ರದ ಕೆಲಸಕ್ಕೆ ಆ ಎಳೆ ಬೇಕಾಗಿಲ್ಲ. ಒಳಗೆ ನೀರು ಓಡಾಡುತ್ತಿದೆ ಎಂದು ಮನುಷ್ಯನಿಗೆ ತಿಳಿಯಲಿ ಎಂದೇ ಅದನ್ನು ಇಟ್ಟಿದ್ದಾರೆ. ಇಂಜಿನ್ನು ಹತ್ತಿದ ಕೂಡಲೇ ತಿರುಗಿ ನೋಡಬೇಕಾದ್ದು ಅದನ್ನು. ಎಳೆ ಬರಲಿಲ್ಲವೋ, ತಕ್ಷಣ ನಿಲ್ಲಿಸಬೇಕು. ನೀರಿಲ್ಲದೆ ತಿರುಗಿದರೆ ರಬ್ಬರ್ ರೆಕ್ಕೆ ಸವೆದು ಸುಟ್ಟುಹೋಗಲು ಹೆಚ್ಚು ಹೊತ್ತು ಬೇಡ. ಆಮೇಲೆ ಸಿಲಿಂಡರು ಕಾದು ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ಹಳೆ ಇಂಜಿನ್ ಮಾರುವವರು "ನೋಡಿ ಸಾ, ಒಂದೇ ಎಳೆತಕ್ಕೆ ಹತ್ತುತ್ತದೆ" ಎಂದು ಒಣ ನೆಲದ ಮೇಲೆ ಚಾಲೂ ಮಾಡಿ ತೋರಿಸುತ್ತಾರಲ್ಲ, ಅದು ಕೊಳ್ಳುವವನಿಗೆ ಮಾಡುವ ಉಪಕಾರವೇನೂ ಅಲ್ಲ.

ಡ್ರಮ್ಮಿನಲ್ಲಿ ನಿಲ್ಲಿಸಿ ಹಗ್ಗ ಎಳೆದಾಗ ಇಂಜಿನ್ನು ಹತ್ತಿತು, ಎಳೆ ಬರಲಿಲ್ಲ. ಹುಡುಗ ನಿಲ್ಲಿಸಿದ. ತೂತಿಗೆ ತಂತಿ ಹಾಕಿ ಆಡಿಸಿದ. ಮಣ್ಣು ಉದುರಿತು. ತಿಂಗಳುಗಟ್ಟಲೆ ಸುಮ್ಮನೆ ಬಿದ್ದ ಇಂಜಿನ್ನಿನ ತೂತಿನೊಳಗೆ ಕುಂಬಾರ ಹುಳ ಗೂಡು ಕಟ್ಟಿತ್ತು. ಮತ್ತೆ ಎಳೆದ. ನೀರು ಬಂತು. ಇಂಪೆಲ್ಲರ್ ಹೋಗಿದೆ, ಹೊಸದು ತರಿಸಬೇಕು, ಕಾಲು ಬಿಚ್ಚಬೇಕು ಎಂದು ಆ ಹೊತ್ತಿಗಾಗಲೇ ಮೂರು ಜನ ತೀರ್ಪು ಕೊಟ್ಟಾಗಿತ್ತು.

ನಮ್ಮ ಮನಸ್ಸು ಹೀಗೇಕೆ? ಕೆಟ್ಟಿತು ಅಂದೊಡನೆ ದೊಡ್ಡದೇ ಕೆಟ್ಟಿರಬೇಕು ಎಂದು ನಂಬುತ್ತದೆ. ತಲೆನೋವು ಬಂದರೆ ಮೈಸೂರಿನ ದೊಡ್ಡಾಸ್ಪತ್ರೆವರೆಗೆ ಯೋಚನೆ ಓಡುತ್ತದೆ. ಮಗ ಎರಡು ದಿನ ಫೋನ್ ಮಾಡದಿದ್ದರೆ ಮನಸ್ಸು ಮುರಿದುಕೊಂಡಿದ್ದಾನೆ ಅನಿಸುತ್ತದೆ; ಫೋನಿನ ಕರೆನ್ಸಿ ಮುಗಿದಿರಬಹುದು ಎಂಬುದು ಕೊನೆಗೆ ಹೊಳೆಯುತ್ತದೆ. ದೊಡ್ಡ ಕಾರಣದಲ್ಲಿ ಒಂದು ಬಗೆಯ ಘನತೆ ಇದೆ, ಸಣ್ಣ ಕಾರಣದಲ್ಲಿ ನಗೆಪಾಟಲಾಗುವ ಭಯ ಇದೆ. ಅದಕ್ಕೇ ಇರಬೇಕು, ಸಣ್ಣದನ್ನು ಅನುಮಾನಿಸಲು ನಮಗೆ ಮನಸ್ಸಾಗುವುದಿಲ್ಲ.

ಇದರ ಇನ್ನೊಂದು ಪಾಠ ಮುಂದೆ ಕೆಲವೇ ದಿನದಲ್ಲಿ ಆಯಿತು. ದೋಣಿ ನೀರಿಗಿಳಿಯಿತು. ಇಂಜಿನ್ನು ಚೆನ್ನಾಗಿ ಹತ್ತುತ್ತದೆ, ಸ್ವಲ್ಪ ದೂರ ಹೋಗುತ್ತದೆ, ನಿಂತುಬಿಡುತ್ತದೆ. ಒಂದಷ್ಟು ಹೊತ್ತು ಬಿಟ್ಟು ಎಳೆದರೆ ಮತ್ತೆ ಹತ್ತುತ್ತದೆ, ಮತ್ತೆ ನಿಲ್ಲುತ್ತದೆ. ಪ್ಲಗ್ ಬದಲಾಯಿಸಿದರು. ಪೆಟ್ರೋಲು ಚೆಲ್ಲಿ ಹೊಸದು ಹಾಕಿದರು. ಕಾರ್ಬೊರೇಟರ್ ಬಿಚ್ಚಲು ಕೂತಾಗ ಹುಡುಗನಿಗೆ ಫೋನ್ ಹೋಯಿತು.

"ಅಣ್ಣ, ಕಾರ್ಬೊರೇಟ್ರು ಮುಟ್ಬ್ಯಾಡಿ ಬುಡಿ. ಟ್ಯಾಂಕಿನ ಮುಚ್ಚಳ ನೋಡಿದ್ರಾ?"

"ಬಿಗ್ಯಾಗೇ ಅದೆ ಕಣಪ್ಪ."

"ಅದ್ಕೇಯಾ ನಿಂತೋಗದು. ಮ್ಯಾಲೆ ಸಣ್ಣ ತಿರುಪು ಅದಲ್ಲ, ಅದ ಸಡ್ಲ ಮಾಡಿ. ಟ್ಯಾಂಕೂ ಉಸುರಾಡ್ಬೇಕಲ್ವಾ?"

ಅಷ್ಟೇ. ಪೆಟ್ರೋಲು ಹೊರಗೆ ಹೋದ ಜಾಗಕ್ಕೆ ಗಾಳಿ ಒಳಗೆ ಬರಬೇಕು. ಸಾಗಿಸುವಾಗ ಚೆಲ್ಲದಿರಲೆಂದು ಮುಚ್ಚಳದ ಮೇಲಿನ ಗಾಳಿ ತಿರುಪನ್ನು ಬಿಗಿ ಮಾಡಿರುತ್ತಾರೆ. ಓಡಿಸುವಾಗ ಸಡಿಲಿಸಲು ಮರೆಯುತ್ತಾರೆ. ಟ್ಯಾಂಕಿನೊಳಗೆ ಗಾಳಿ ಕಡಿಮೆಯಾಗುತ್ತ ಬಂದಂತೆ ಪೆಟ್ರೋಲು ಬರುವುದು ನಿಲ್ಲುತ್ತದೆ. ಪೈಪಿನ ನಡುವಿನ ರಬ್ಬರ್ ಗುಂಡು ಚಪ್ಪಟೆಯಾಗಿ ಅಂಟಿಕೊಂಡಿದ್ದರೆ ಇದೇ ಕಾರಣ ಎಂದು ಕಣ್ಣಿಗೇ ಕಾಣುತ್ತದೆ. ಕೊಡುತ್ತಲೇ ಇರು ಅನ್ನುತ್ತೇವೆ, ಒಳಗೆ ಏನಾದರೂ ಹೋಗಲು ದಾರಿ ಬಿಡುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಂಗಸರ ನೆನಪು ನನಗೆ ಆಗ ಬಂತು. ಇಂಜಿನ್ನಿನ ಪಕ್ಕ ಕೂತು ಅದನ್ನು ಹೇಳಲು ಹೋಗಲಿಲ್ಲ.

ಕರಾವಳಿಯಲ್ಲಿ ಸೀಮೆಎಣ್ಣೆಯ ಮೇಲೆ ಓಡುವ ಇಂಜಿನ್ನುಗಳಲ್ಲಿ ಒಂದು ಪದ್ಧತಿ ಇದೆ. ಸೀಮೆಎಣ್ಣೆ ತಣ್ಣಗಿರುವಾಗ ಸುಲಭವಾಗಿ ಆವಿಯಾಗುವುದಿಲ್ಲ. ಆದ್ದರಿಂದ ಪೆಟ್ರೋಲಿನಲ್ಲಿ ಹತ್ತಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ಇದು ಎಲ್ಲರಿಗೂ ಗೊತ್ತು. ಇನ್ನೊಂದು ಕೆಲಸವೂ ಇದೆ: ದಡ ಹತ್ತಿರ ಬಂದಾಗ, ನಿಲ್ಲಿಸುವ ಮುಂಚೆ, ಮತ್ತೆ ಪೆಟ್ರೋಲಿಗೆ ತಿರುಗಿಸಿ ಕೊಂಚ ಹೊತ್ತು ಓಡಿಸಬೇಕು. ಕಾರ್ಬೊರೇಟರಿನಲ್ಲಿ ಉಳಿದ ಸೀಮೆಎಣ್ಣೆಯೆಲ್ಲ ಸುಟ್ಟು ಪೆಟ್ರೋಲು ತುಂಬಿಕೊಳ್ಳಬೇಕು. ಹಾಗೆ ಮಾಡದಿದ್ದರೆ ಮರುದಿನ ಬೆಳಗ್ಗೆ ಹಗ್ಗ ಎಳೆದೂ ಎಳೆದೂ ಹೆಗಲು ಬಿದ್ದುಹೋಗುತ್ತದೆ. ಮೀನು ತುಂಬಿಕೊಂಡು, ದಣಿದು, ಮನೆ ಕಣ್ಣೆದುರು ಕಾಣುತ್ತಿರುವಾಗ ನಾಳೆಯ ಬೆಳಗನ್ನು ನೆನೆದು ಒಂದು ಕೀಲಿ ತಿರುಗಿಸುವುದು ಸಣ್ಣ ಮಾತಲ್ಲ. ಬೆಳಗು ಚೆನ್ನಾಗಿರಲಿ ಎಂದು ನಾವು ಬೆಳಗ್ಗೆ ಎದ್ದು ಬೇಡಿಕೊಳ್ಳುತ್ತೇವೆ. ಆ ಬೇಡಿಕೆಯ ಬಹುಪಾಲು ಹಿಂದಿನ ಸಂಜೆಯೇ ತೀರ್ಮಾನ ಆಗಿರುತ್ತದೆ: ನೆನೆಹಾಕಿದ ಅಕ್ಕಿ, ಮಾತು ಬಿಟ್ಟು ಮಲಗಿದ ಜಗಳ, ತೊಳೆಯದೆ ಇಟ್ಟ ಪಾತ್ರೆ.

ಇಲ್ಲಿಗೆ ಬಂದ ಇಂಜಿನ್ನನ್ನು ಈಗ ಪೆಟ್ರೋಲಿನಲ್ಲೇ ಓಡಿಸುತ್ತಾರೆ. ಟೂ ಸ್ಟ್ರೋಕ್ ಆದ್ದರಿಂದ ಎಣ್ಣೆ ಬೆರೆಸಬೇಕು. ಕೈಪಿಡಿಯಲ್ಲಿ 50ಕ್ಕೆ 1 ಎಂದಿದ್ದರೆ ಒಂದು ಲೀಟರಿಗೆ 20 ಮಿಲಿ. ಬೈಕಿನ ಎಣ್ಣೆ ಸಾಕು ಎನ್ನುವವರಿದ್ದಾರೆ. ನೀರಿನಿಂದ ತಣಿಯುವ ಇಂಜಿನ್ನಿಗೆ ಬೇರೆ ಎಣ್ಣೆಯೇ ಇದೆ, ಅದನ್ನೇ ಹಾಕಬೇಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಶೇಕಡಾ 20ರವರೆಗೆ ಇರುವುದರಿಂದ ಅದು ಗಾಳಿಯ ತೇವ ಹೀರುತ್ತದೆ, ಬಹಳ ದಿನ ಇಟ್ಟರೆ ನೀರು ಬೇರೆಯಾಗಿ ತಳ ಹಿಡಿಯುತ್ತದೆ. ವಾರಗಟ್ಟಲೆ ದೋಣಿ ಬಿಡುವುದಿಲ್ಲ ಎಂದಾದರೆ ಪೆಟ್ರೋಲಿನ ಪೈಪು ಕಳಚಿ, ಕಾರ್ಬೊರೇಟರಿನಲ್ಲಿದ್ದದ್ದು ಮುಗಿದು ಇಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸುವುದು ಒಳ್ಳೆಯದು; ಆಗಲೂ ಕಾಲು ಮಾತ್ರ ನೀರಿನಲ್ಲೇ ಇರಬೇಕು.

ಕೆಳಗಿನ ಗೇರು ಪೆಟ್ಟಿಗೆಯ ಎಣ್ಣೆಯನ್ನೂ ಹುಡುಗ ಇಳಿಸಿ ನೋಡಿದ್ದ. ತಳದ ತಿರುಪು ತೆಗೆದಾಗ ಬಂದದ್ದು ಕಪ್ಪಾಗಿರಲಿಲ್ಲ, ಬೆಳ್ಳಗೆ ಹಾಲುಹಾಲಾಗಿತ್ತು. "ನೀರ್ ಕುಡ್ದದೆ ಸಾ," ಅಂದ. ಪ್ರೊಪೆಲ್ಲರ್ ಬಿಚ್ಚಿ ತೋರಿಸಿದ. ಕರಾವಳಿಯವರು ಅದನ್ನು ಫ್ಯಾನು ಅನ್ನುತ್ತಾರೆ. ಅದರ ಹಿಂದೆ, ಕಣ್ಣಿಗೆ ಕಾಣದ ಜಾಗದಲ್ಲಿ, ಬಲೆಯ ನೈಲಾನ್ ದಾರ ಸುತ್ತಿಕೊಂಡು ಬಿಸಿಗೆ ಕರಗಿ ಗಟ್ಟಿಯಾದ ಬಳೆ ಆಗಿಹೋಗಿತ್ತು. ಆ ದಾರ ರಬ್ಬರ್ ಸೀಲನ್ನು ಕೊರೆದಿತ್ತು, ಕೊರೆದ ದಾರಿಯಲ್ಲಿ ನೀರು ಒಳಗೆ ಹೋಗಿತ್ತು. ಮೀನು ಹಿಡಿಯುವ ದಾರವೇ ಮೀನುಗಾರನ ಇಂಜಿನ್ನನ್ನು ಹಿಡಿದಿತ್ತು. ಸೀಲು ಬದಲಾಯಿಸಿ ಹೊಸ ಎಣ್ಣೆ ಹಾಕುವಾಗ ಅವನು ಅದನ್ನು ಮೇಲಿನ ತೂತಿನಿಂದ ಸುರಿಯಲಿಲ್ಲ. ಕೆಳಗಿನ ತೂತಿಗೆ ಟ್ಯೂಬು ಇಟ್ಟು ಒತ್ತುತ್ತ ಹೋದ, ಮೇಲಿನ ತೂತಿನಲ್ಲಿ ಎಣ್ಣೆ ಇಣುಕುವವರೆಗೆ. ಮೇಲಿನಿಂದ ಹಾಕಿದರೆ ಗಾಳಿ ಸಿಕ್ಕಿಹಾಕಿಕೊಂಡು ತುಂಬಿದಂತೆ ಕಾಣುತ್ತದೆ, ತುಂಬಿರುವುದಿಲ್ಲ.

ಇನ್ನು ಆ ಪಿನ್ನು.

ಹಳೆ ಮಾದರಿಯ ಸಣ್ಣ ಇಂಜಿನ್ನುಗಳಲ್ಲಿ ಪ್ರೊಪೆಲ್ಲರನ್ನು ದಂಡಕ್ಕೆ ಹಿಡಿದಿಡುವುದು ಒಂದು ಅಡ್ಡ ಪಿನ್ನು. ಕಿರುಬೆರಳಿಗಿಂತ ಗಿಡ್ಡ, ಮೆತುವಾದ ಲೋಹದ್ದು. ಶಿಯರ್ ಪಿನ್ ಅನ್ನುತ್ತಾರೆ. ಬೇಕೆಂದೇ ಮೆತು ಲೋಹದಲ್ಲಿ ಮಾಡಿರುತ್ತಾರೆ. ಪ್ರೊಪೆಲ್ಲರು ಬಂಡೆಗೋ ಮರದ ಮೋಟಿಗೋ ಬಡಿದಾಗ ಆ ಹೊಡೆತ ದಂಡದ ಮೂಲಕ ಗೇರಿಗೆ ಹೋಗಬಾರದು. ಅದಕ್ಕೆ ಮುಂಚೆ ಪಿನ್ನು ಕತ್ತರಿಸಿಹೋಗಬೇಕು. ಇಂಜಿನ್ನು ಬರಿದೇ ಗುಯ್ಗುಡುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಹುಟ್ಟು ಹಾಕಿ ದಡಕ್ಕೆ ಬಂದು, ಹೊಸ ಪಿನ್ನು ಹಾಕಿದರೆ ಆಯಿತು. ಈಚಿನ ದೊಡ್ಡ ಇಂಜಿನ್ನುಗಳಲ್ಲಿ ಇದೇ ಕೆಲಸವನ್ನು ಪ್ರೊಪೆಲ್ಲರಿನ ಒಳಗಿನ ರಬ್ಬರ್ ಬುಶ್ಶು ಮಾಡುತ್ತದೆ.

ನಮ್ಮ ಹಿನ್ನೀರಿನಲ್ಲಿ ಈ ಪಿನ್ನಿಗೆ ಕೆಲಸ ಜಾಸ್ತಿ. ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಬೀಚನಹಳ್ಳಿಯ ಕಟ್ಟೆಯ ಹಿಂದೆ ನೀರು ನಿಂತಾಗ ಮುಳುಗಿದ್ದು ಬಯಲಲ್ಲ. ಊರುಗಳು, ಹೊಲಗಳು, ಕಾಕನಕೋಟೆಯ ಕಾಡಿನ ಒಂದು ಭಾಗ. ಆನೆ ಹಿಡಿಯುವ ಕೊನೆಯ ಖೆಡ್ಡಾ ನಡೆದದ್ದು ಕಾಕನಕೋಟೆಯಲ್ಲಿ, 1971ರಲ್ಲಿ. ಮೂರು ವರ್ಷಕ್ಕೆ ನೀರು ಬಂತು. ಬೇಸಗೆಯಲ್ಲಿ ನೀರು ಇಳಿದಾಗ ಆ ಕಾಡಿನ ಮೋಟುಗಳು ಇಂದಿಗೂ ತಲೆ ಎತ್ತುತ್ತವೆ, ಹಸಿರು ಹುಲ್ಲು ಮೇಯಲು ಬಂದ ಆನೆಗಳ ನಡುವೆ. ಮಳೆಗೆ ನೀರು ಏರಿದಾಗ ಮುಳುಗುತ್ತವೆ. ಏರೂ ಅಲ್ಲದ ಇಳಿಯೂ ಅಲ್ಲದ ನಡುವಿನ ತಿಂಗಳುಗಳಲ್ಲಿ ಅವು ನೀರಿನ ಒಂದು ಗೇಣು ಕೆಳಗೆ ನಿಂತಿರುತ್ತವೆ. ಸರಿಯಾಗಿ ಪ್ರೊಪೆಲ್ಲರ್ ತಿರುಗುವ ಆಳ. ಅರ್ಧ ಶತಮಾನದ ಹಿಂದೆ ಯಾರ ಹೊಲದ ಬದುವಿನಲ್ಲೋ ನಿಂತಿದ್ದ ಮರ ಇಂದಿನ ದೋಣಿಗೆ ತಗಲುತ್ತದೆ. ತೆಪ್ಪಕ್ಕೆ ಈ ಕಷ್ಟವಿಲ್ಲ, ಅದರ ತಳದಲ್ಲಿ ತಿರುಗುವುದೇನೂ ಇಲ್ಲ. ವೇಗ ಬೇಕು ಎಂದವನು ಮಾತ್ರ ಮುಳುಗಿದ ಊರಿಗೆ ಉತ್ತರ ಕೊಡಬೇಕಾಗುತ್ತದೆ.

ಈ ಇಂಜಿನ್ನಿನ ಪಿನ್ನು ಬಿಚ್ಚಿದಾಗ ಅಲ್ಲಿದ್ದದ್ದು ಪಿನ್ನಲ್ಲ, ತಲೆ ಕತ್ತರಿಸಿದ ಕಬ್ಬಿಣದ ಮೊಳೆ. ಹಿಂದಿನ ಯಜಮಾನರಲ್ಲಿ ಯಾರೋ ಒಬ್ಬರಿಗೆ ಪದೇ ಪದೇ ಮುರಿಯುವ ಪಿನ್ನಿನ ಮೇಲೆ ಬೇಸರ ಬಂದಿರಬೇಕು. ಮುರಿಯದಂಥದ್ದು ಹಾಕಿದ್ದರು. ಕಡಲಿನಲ್ಲಿ ಅದು ನಡೆದುಹೋಯಿತು. ಇಲ್ಲಿ ಮೊದಲ ಮೋಟು ತಗುಲಿದ್ದರೆ ಮೊಳೆ ಉಳಿದು ಗೇರಿನ ಹಲ್ಲು ಪುಡಿಯಾಗುತ್ತಿತ್ತು. ಹುಡುಗ ಮೊಳೆಯನ್ನು ತೆಗೆದು ಒಂದು ಕ್ಷಣ ಅಂಗೈಯಲ್ಲಿಟ್ಟು ನೋಡಿ, ನಕ್ಕು, ಚರಂಡಿಗೆ ಎಸೆದ.

ಮನೆಯಲ್ಲಿ, ಕಚೇರಿಯಲ್ಲಿ, ಊರಿನ ಪಂಚಾಯಿತಿಯಲ್ಲಿ ಇಂಥ ಪಿನ್ನಿನಂಥವರು ಇರುತ್ತಾರೆ. ಎರಡು ಕಡೆಯ ಹೊಡೆತ ತಾಗುವ ಜಾಗದಲ್ಲಿ ನಿಂತು, ಮೊದಲು ಕಣ್ಣೀರು ಹಾಕುವವರು, ಮೊದಲು ಸೋಲುವವರು, "ಹೋಗಲಿ ಬಿಡಿ, ನಂದೇ ತಪ್ಪು" ಅನ್ನುವವರು. ಇವರು ಗಟ್ಟಿಯಿಲ್ಲ ಎಂದು ನಾವು ದೂರುತ್ತೇವೆ. ಅವರು ಮುರಿದ ದಿನ ಏನೇನು ಮುರಿಯದೆ ಉಳಿಯಿತು ಎಂಬ ಲೆಕ್ಕ ಯಾರೂ ಇಡುವುದಿಲ್ಲ. ಆದರೆ ಈ ಹೋಲಿಕೆಯನ್ನು ಬಹಳ ದೂರ ಎಳೆಯಲು ನನಗೆ ಧೈರ್ಯವಿಲ್ಲ. ಪಿನ್ನು ಪೆಟ್ಟಿಗೆಯಲ್ಲಿ ಹತ್ತು ಸಿಗುತ್ತವೆ. ಮನುಷ್ಯರನ್ನು ಹಾಗೆ ಬದಲಾಯಿಸಿಕೊಂಡು ಹೋಗಬಹುದು ಎಂದು ಯಾರಿಗಾದರೂ ಅನಿಸಿಬಿಟ್ಟರೆ ಅದಕ್ಕಿಂತ ಆ ಮೊಳೆಯೇ ವಾಸಿ.

ಇಂಜಿನ್ನಿನ ಕಾಲಿಗೆ ಬಿಗಿದ ಇನ್ನೊಂದು ತುಂಡೂ ಇದೇ ಜಾತಿಯದು: ಬೂದು ಬಣ್ಣದ, ನೋಡಲು ಚೆಂದವಿಲ್ಲದ ಸತುವಿನ ಗಟ್ಟಿ. ನೀರಿನಲ್ಲಿ ಬೇರೆ ಬೇರೆ ಲೋಹಗಳು ಒಟ್ಟಿಗಿದ್ದಾಗ ಒಂದನ್ನೊಂದು ತಿನ್ನುತ್ತವೆ. ಇಂಜಿನ್ನಿನ ಅಲ್ಯೂಮಿನಿಯಂ ಬದಲು ತಾನು ಕರಗಲಿ ಎಂದು ಸತುವನ್ನು ಇಟ್ಟಿರುತ್ತಾರೆ. ಸಿಹಿನೀರಿನಲ್ಲಿ ಸತುವಿನ ಮೈಮೇಲೆ ಪದರ ಕಟ್ಟಿ ಅದು ಸುಮ್ಮನಾಗಿಬಿಡುತ್ತದೆ, ಆದ್ದರಿಂದ ಕಡಲಿನಿಂದ ಕೆರೆಗೆ ಬಂದ ಇಂಜಿನ್ನಿಗೆ ಮೆಗ್ನೀಸಿಯಂ ಗಟ್ಟಿ ಹಾಕಬೇಕು. ಮಾರುವವರು ದೋಣಿ ಹೊಸದಾಗಿ ಕಾಣಲಿ ಎಂದು ಮೇಲಿಂದ ಕೆಳಗೆ ಬಣ್ಣ ಬಳಿಯುವಾಗ ಈ ಗಟ್ಟಿಗೂ ಬಳಿದುಬಿಡುತ್ತಾರೆ. ಬಣ್ಣ ಬಿದ್ದ ಮೇಲೆ ಅದು ಕರಗುವುದಿಲ್ಲ. ಕರಗದಿದ್ದರೆ ಕಾಯುವುದೂ ಇಲ್ಲ. ನಮ್ಮ ಇಂಜಿನ್ನಿನಲ್ಲಿ ಅದು ನೀಲಿ ಬಣ್ಣದಲ್ಲಿ ಹೊಳೆಯುತ್ತಿತ್ತು.

ಈ ಯಂತ್ರದ ಹುಟ್ಟಿಗೆ ಒಂದು ಕಥೆ ಇದೆ. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿದ್ದ ಓಲೆ ಎವಿನ್ರೂಡ್ ಎಂಬ ನಾರ್ವೆ ಮೂಲದವನು ಸೆಕೆಗಾಲದ ಒಂದು ದಿನ ತಾನು ಮದುವೆಯಾಗಬೇಕೆಂದಿದ್ದ ಹುಡುಗಿಗೆ ಐಸ್ ಕ್ರೀಮ್ ತರಲು ಸರೋವರ ದಾಟಿ ಹುಟ್ಟು ಹಾಕಿದನಂತೆ. ವಾಪಸು ಬರುವಷ್ಟರಲ್ಲಿ ಅದು ಕರಗಿಹೋಯಿತಂತೆ. 1909ರಲ್ಲಿ ಅವನು ದೋಣಿಗೆ ನೇತುಹಾಕುವ ಇಂಜಿನ್ ಮಾರಲು ಶುರುಮಾಡಿದ. ಅವನಿಗಿಂತ ಮುಂಚೆಯೂ ಇಂಥ ಇಂಜಿನ್ ಮಾಡಿದವರಿದ್ದರು, ಹೆಸರು ಉಳಿದದ್ದು ಇವನದು. ಆ ಹೆಸರಿನ ಇಂಜಿನ್ನುಗಳ ತಯಾರಿಕೆ 2020ರಲ್ಲಿ ನಿಂತಿತು. ಐಸ್ ಕ್ರೀಮಿನ ಭಾಗ ಎಷ್ಟು ನಿಜವೋ, ಕೇಳಲು ಚೆನ್ನಾಗಿದೆ.

ಹಳೆ ದೋಣಿ ಕೊಳ್ಳುವವರು ನಮ್ಮ ಕಡೆ ಈಗ ಒಬ್ಬಿಬ್ಬರಿಲ್ಲ. ಅವರಿಗೆ ಹೇಳಬೇಕಾದ್ದು ಇಷ್ಟು. ಇಂಜಿನ್ನು ತೂಗುವ ಹಿಂದಿನ ಹಲಗೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿ; ಫೈಬರಿನ ಒಳಗಿನ ಪ್ಲೈವುಡ್ ಕೊಳೆತಿದ್ದರೆ ಸದ್ದು ಗಟ್ಟಿಯಾಗಿರುವುದಿಲ್ಲ, ಮಂಕಾಗಿರುತ್ತದೆ. ಡ್ರಮ್ಮಿನಲ್ಲಿಟ್ಟು ಓಡಿಸಿ ತೋರಿಸಿ ಎನ್ನಿ. ಪಿನ್ನು ಯಾವುದು ಹಾಕಿದ್ದೀರಿ ಎಂದು ಕೇಳಿ, ಹೆಚ್ಚಿನ ಪಿನ್ನು ನಾಲ್ಕು ಜೇಬಿನಲ್ಲಿರಲಿ, ಹುಟ್ಟು ದೋಣಿಯಲ್ಲಿರಲಿ. ಲೈಫ್ ಜಾಕೆಟ್ಟನ್ನು ಸೀಟಿನ ಕೆಳಗೆ ಇಡಬೇಡಿ, ಹಾಕಿಕೊಳ್ಳಿ. ಇಂಜಿನ್ನಿನ ಗುಂಡಿಗೆ ಸಿಕ್ಕಿಸಿದ ಸುರುಳಿ ಸುರುಳಿಯ ಕೆಂಪು ಹಗ್ಗ ಒಂದಿರುತ್ತದೆ. ಓಡಿಸುವವನು ನೀರಿಗೆ ಬಿದ್ದರೆ ಅದು ಕಿತ್ತುಬಂದು ಇಂಜಿನ್ನು ನಿಲ್ಲಲಿ, ತಿರುಗಿ ಬಂದ ಪ್ರೊಪೆಲ್ಲರು ಅವನನ್ನೇ ಕೊಯ್ಯದಿರಲಿ ಎಂದು ಇಟ್ಟದ್ದು. ಕಳೆದುಹೋಗದಿರಲಿ ಎಂದು ಬಹಳ ಜನ ಅದರ ಇನ್ನೊಂದು ತುದಿಯನ್ನೂ ಇಂಜಿನ್ನಿಗೇ ಗಂಟು ಹಾಕಿಬಿಡುತ್ತಾರೆ. ಆ ಗಂಟು ಬಿಚ್ಚಿ, ಹಗ್ಗವನ್ನು ನಿಮ್ಮ ಮಣಿಕಟ್ಟಿಗೆ ಕಟ್ಟಿಕೊಂಡು ಹೊರಡಿ.